ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಬೇಕೆ? ಕೆರೆಕೋಡಿಯಿಂದ ಆರಂಭಿಸಿ

ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮುಗಿಸಿದ ಮಗಳು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ನಲ್ಲಿ ಸ್ನಾತಕೋತ್ತರ ಪದವಿ ಎಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ‘ತೋಟ ಮಾಡಲು ಇಷ್ಟು ಓದಬೇಕೆ?’ ಹುಲ್ಲುಹಾಸು, ಹೂಗಿಡಗಳ ಮಾತು ಈ ಓದಿನಲ್ಲಿ ಆಮೇಲೆ ಬರುತ್ತದೆ. ಮೊದಲು ಕಲಿಯಬೇಕಾದದ್ದು ನೆಲದ ಇಳಿಜಾರು, ಮಣ್ಣು, ಮಳೆನೀರು ಹಿಡಿಯುವ ದಾರಿ.

ಪ್ರವೇಶದ ವಿಚಾರ ಮೊದಲು ಮುಗಿಸೋಣ. ಸ್ನಾತಕೋತ್ತರ ಪ್ರವೇಶಕ್ಕೆ ರಾಷ್ಟ್ರಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆಯ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪತ್ರಿಕೆ ಬರೆಯಿರಿ: 3 ಗಂಟೆ, 100 ಅಂಕ. ಅಂಕಪಟ್ಟಿ 3 ವರ್ಷ ನಡೆಯುತ್ತದೆ. ದೆಹಲಿ, ಭೋಪಾಲ್‌ಗಳ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಸೀಟುಗಳಿಗೆ ಗೇಟ್ ಅಂಕದ ಮೇಲೆ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಓದು 2 ವರ್ಷ.

ನಿಮ್ಮ ಕೆಲಸಗಳ ಸಂಗ್ರಹವಾದ ಪೋರ್ಟ್‌ಫೋಲಿಯೊಗೆ ಕಟ್ಟಡಗಳ ಚಿತ್ರವಷ್ಟೇ ಸಾಲದು. ನನ್ನ ಸಲಹೆ ಇದು: ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಬೆಂಗಳೂರಿನ ಅಗರ ಕೆರೆಯನ್ನು ಹುಡುಕಿ. ಅಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಅಗರ ತುಂಬಿ ಕೋಡಿ ಬಿದ್ದರೆ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ ನೀರು ಹರಿಯುತ್ತದೆ. ಆ ದಾರಿಯನ್ನು ಪೆನ್ಸಿಲಿನಲ್ಲಿ ಗುರುತಿಸಿ, ಬಳಿಕ ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಯ ಪಕ್ಕದಲ್ಲೇ ನಡೆಯಿರಿ. ಎಲ್ಲಿ ಕಾಲುವೆ ಕಿರಿದಾಗಿದೆ, ಎಲ್ಲಿ ಕಾಂಕ್ರೀಟ್ ಗೋಡೆ ಎದ್ದಿದೆ, ಎಲ್ಲಿ ಹೊಂಗೆ ಉಳಿದಿದೆ ಎಂದು ಅಡ್ಡಕೊಯ್ತದ (ನೆಲವನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ) ಚಿತ್ರಗಳಲ್ಲಿ ಬರೆದಿಟ್ಟುಕೊಳ್ಳಿ. ತೂಬು ಎಲ್ಲಿತ್ತು, ಅಚ್ಚುಕಟ್ಟು ಎಲ್ಲಿಯವರೆಗೆ ಹರಡಿತ್ತು ಎಂದು ಊರಿನ ಹಿರಿಯರನ್ನು ಕೇಳಿ. ನಕ್ಷೆ ಹೇಳದ ಸಂಗತಿ ಅವರ ಬಾಯಲ್ಲಿ ಸಿಗುತ್ತದೆ. ಬೇಸಿಗೆಯಲ್ಲೊಮ್ಮೆ, ದೊಡ್ಡ ಮಳೆಯ ಮರುದಿನ ಇನ್ನೊಮ್ಮೆ ಹೋಗಿ. ಒಂದೇ ಜಾಗ ಎಂದು ನಂಬುವುದೇ ಕಷ್ಟವಾಗುತ್ತದೆ.

ಮುಂದಿನ ಹೆಜ್ಜೆ ಪದರ ಕಟ್ಟುವುದು. ಇಳಿಜಾರು, ಮಣ್ಣು, ನೀರು, ಮರಗಿಡ, ರಸ್ತೆ ಒಂದೊಂದನ್ನೂ ಬೇರೆ ಬೇರೆ ಟ್ರೇಸಿಂಗ್ ಹಾಳೆಯಲ್ಲಿ ಬರೆದು ಒಂದರ ಮೇಲೊಂದಿಟ್ಟರೆ ಎಲ್ಲಿ ಕಟ್ಟಬಾರದು ಎಂಬುದು ತಾನಾಗಿ ಕಾಣುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಇಯಾನ್ ಮ್ಯಾಕ್‌ಹಾರ್ಗ್ 1960ರ ದಶಕದಲ್ಲಿ ಈ ಕ್ರಮವನ್ನು ಬೆಳೆಸಿದರು. ಇಂದು ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇದೇ ಕೆಲಸ ಮಾಡಬಹುದು. ಆದರೂ ಮೊದಲ ಸಲ ಕೈಯಲ್ಲೇ ಬರೆಯಿರಿ. ಬರೆದ ಗೆರೆ ಮರೆಯುವುದಿಲ್ಲ.

ಗಿಡಗಳನ್ನು ಕ್ಯಾಟಲಾಗಿನಿಂದ ಕಲಿಯಬೇಡಿ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ನಗರದ ಬೀದಿಗಳಲ್ಲಿ ಮರ ನೆಡಿಸಿದರು. ನಿಮ್ಮ ಬೀದಿಯ ಮರಗಳು ಯಾವ ತಿಂಗಳು ಎಲೆ ಉದುರಿಸುತ್ತವೆ, ಯಾವಾಗ ಹೂ ಬಿಡುತ್ತವೆ ಎಂದು ವರ್ಷವಿಡೀ ಬರೆದಿಡಿ.

ಕೊನೆಯ ವರ್ಷ ಪ್ರಬಂಧಕ್ಕೆ ಜಾಗ ಆರಿಸುವಾಗ ಬಸ್ಸಿನಲ್ಲಿ ಹೋಗಿಬರಬಹುದಾದ ಗುಂಡುತೋಪನ್ನೋ ಕೆರೆಯನ್ನೋ ಹಿಡಿಯಿರಿ. ಒಂದೆರಡು ಭೇಟಿಯಲ್ಲಿ ನೆಲ ಅರ್ಥವಾಗುವುದಿಲ್ಲ. ಹತ್ತಾರು ಸಲ ಹೋಗಬೇಕಾಗುತ್ತದೆ.