ವೈಡ್ ಲೆನ್ಸ್ ಕೊಳ್ಳುವ ಮೊದಲು ಫೋನ್ ಹಿಡಿದು ಕೋಟೆ ಹತ್ತಿ

ಫುಲ್ ಫ್ರೇಮ್ (35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್ ಇರುವ) ಮಿರರ್‌ಲೆಸ್ ಕ್ಯಾಮೆರಾಗೆ 14, 16, 20, 24 ಎಂಎಂ ಲೆನ್ಸ್‌ಗಳಲ್ಲಿ (ನಂಬರ್ ಚಿಕ್ಕದಾದಷ್ಟೂ ನೋಟ ಅಗಲ) ಯಾವುದು ಬೇಕು ಅಂತ ಗೊತ್ತಾಗದಿದ್ದರೆ, ನಿಮ್ಮ ಫೋನಿನ ಅಲ್ಟ್ರಾ ವೈಡ್ ಕ್ಯಾಮೆರಾ ಹಾಕಿಕೊಂಡು ಚಿತ್ರದುರ್ಗದ ಕೋಟೆ ಒಂದು ಸುತ್ತು ಹಾಕಿ. ಫೋನ್ ಕಂಪನಿಗಳು ಲೆನ್ಸ್ ಅಳತೆಯನ್ನು ಸಾಮಾನ್ಯವಾಗಿ ಫುಲ್ ಫ್ರೇಮ್ ಲೆಕ್ಕಕ್ಕೆ ಹೊಂದಿಸಿಯೇ ಹೇಳುತ್ತವೆ, ಹಾಗಾಗಿ ಆ ನಂಬರ್ ನಿಮ್ಮ ಕ್ಯಾಮೆರಾಗೆ ಹೆಚ್ಚುಕಮ್ಮಿ ನೇರವಾಗಿ ಹೊಂದುತ್ತದೆ. ಹಲವು ದುಬಾರಿ ಫೋನ್‌ಗಳಲ್ಲಿ ಝೂಮ್ 0.5 ಅಂದರೆ ಸುಮಾರು 13 ಎಂಎಂ, 0.6ಕ್ಕೆ ಎಳೆದರೆ 16ರ ಹತ್ತಿರ, 0.8ಕ್ಕೆ 20ರ ಹತ್ತಿರ, 1 ಅಂದರೆ 24-26. ಓಬವ್ವನ ಕಿಂಡಿಯ ಹತ್ತಿರ ಹಿಂದೆ ಸರಿಯಲು ಜಾಗವೇ ಇಲ್ಲ, ಅಲ್ಲಿ 16 ಯಾಕೆ ಬೇಕು ಅಂತ ತಕ್ಷಣ ತಿಳಿಯುತ್ತದೆ. ಮೇಲೆ ಹತ್ತಿ ಬಂಡೆಗಳ ಕಡೆ ತಿರುಗಿಸಿ ನೋಡಿ: 13ರಲ್ಲಿ ದೂರದ ಬಂಡೆ, ಗಾಳಿಯಂತ್ರ ಎಲ್ಲ ಸಾಸಿವೆ ಕಾಳಿನಷ್ಟಾಗುತ್ತವೆ, ಬರೀ ಆಕಾಶವೇ ಜಾಸ್ತಿ. ಅಲ್ಲಿಗೆ 24 ಚೆಂದ. ನನ್ನ ಕೇಳಿದರೆ, ಒಂದೇ ಲೆನ್ಸ್ ಕೊಳ್ಳುವವರಿಗೆ 20 ಸಾಕು, ಸುಮ್ನೆ 14ಕ್ಕೆ ದುಡ್ಡು ಸುರಿಯಬೇಡಿ. ಆದರೆ ಈ ಉಪಾಯ ನೋಟದ ಅಗಲಕ್ಕೆ ಮಾತ್ರ. ಫೋಟೋದ ಮೂಲೆಗಳು ಎಷ್ಟು ಸ್ಪಷ್ಟವಾಗಿ ಬರುತ್ತವೆ, ಎದುರು ಬಿಸಿಲಲ್ಲಿ ಫ್ಲೇರ್ (ಫೋಟೋ ಮೇಲೆ ಬೀಳುವ ಬೆಳಕಿನ ಕಲೆ) ಎಷ್ಟು, ರಾತ್ರಿ ನಕ್ಷತ್ರಕ್ಕೆ ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ತೆರಪು) f/2.8 ಬೇಕೋ f/4 ಸಾಕೋ, ಇದನ್ನೆಲ್ಲ ಫೋನ್ ಹೇಳುವುದಿಲ್ಲ. ಲೆನ್ಸ್ ಅನ್ನೇ ಬಾಡಿಗೆಗೆ ತಂದು ನೋಡಬೇಕು. ಕಡಿಮೆ ಬೆಲೆಯ ಫೋನ್‌ಗಳ ಅಲ್ಟ್ರಾ ವೈಡ್ 15-16ಕ್ಕೇ ನಿಲ್ಲುವುದೂ ಉಂಟು, ಕೆಲವದರಲ್ಲಿ ಅದು ಇರುವುದೇ ಇಲ್ಲ. ಮೊದಲು ಫೋಟೋದ ವಿವರದಲ್ಲಿ ಫುಲ್ ಫ್ರೇಮ್ ಲೆಕ್ಕದ ಎಂಎಂ ಎಷ್ಟಿದೆ ನೋಡಿಕೊಳ್ಳಿ.