ಹಿತ್ತಲ ಕೊಳದ ರಾಡಿ ತೆಗೆಯಲು ಸರಿಹೋದ ವ್ಯಾಕ್ಯೂಮ್

ಧಾರವಾಡದ ಹಿತ್ತಲಿನ ಕೊಳ. ಆಳ 90 ಸೆಂಟಿಮೀಟರ್, ಮೇಲೆ ಹೊಂಗೆಮರ. ತಳದಲ್ಲಿ ನಾಲ್ಕು ಬೆರಳು ಕಪ್ಪು ರಾಡಿ, ಕೊಳೆತ ಮೊಟ್ಟೆಯ ವಾಸನೆ.

ಮೊದಲು ಹಚ್ಚಿದ್ದು ಮನೆಯ 20 ಲೀಟರಿನ ವೆಟ್-ಡ್ರೈ ವ್ಯಾಕ್ಯೂಮ್ (ಧೂಳು, ನೀರು ಎರಡನ್ನೂ ಎಳೆಯುವ ಯಂತ್ರ). ಡಬ್ಬಿ ನೋಡನೋಡುತ್ತಲೇ ತುಂಬುತ್ತದೆ, ಒಳಗಿನ ಫ್ಲೋಟ್ ಮೇಲೇರಿ ಎಳೆತ ನಿಲ್ಲುತ್ತದೆ, ಪ್ರತಿ ಸಲ ಹೊತ್ತು ಚೆಲ್ಲಬೇಕು. ಕೊಳಕ್ಕೆಂದೇ ಮಾಡಿದ ಒಂದು ಡಬ್ಬಿಯ ಮಾದರಿಯೂ ತುಂಬಿದಾಗ ನಿಂತು, ಖಾಲಿಯಾದ ಮೇಲೆ ಮತ್ತೆ ಎಳೆಯುತ್ತದೆ. ಎರಡು ಡಬ್ಬಿಯದರಲ್ಲಿ ಒಂದು ಖಾಲಿಯಾಗುವಾಗ ಇನ್ನೊಂದು ಎಳೆಯುತ್ತಿರುತ್ತದೆ. ಬೆಲೆ ಹೆಚ್ಚು, ಆದರೆ ಇಷ್ಟು ರಾಡಿಗೆ ಅದೇ ಬೇಕು.

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಎಷ್ಟು ಆಳದಿಂದ ಎಳೆಯುತ್ತದೆ, ಪೈಪಿನ ಒಳವ್ಯಾಸ ಎಷ್ಟು ಎಂದು ಕೇಳಿ. 40 ಮಿಲಿಮೀಟರ್ ಆದರೂ ಇಡೀ ಎಲೆ, ಹೊಂಗೆಕಾಯಿ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಎಲೆಯನ್ನು ಮೊದಲು ಬಲೆಯಿಂದಲೇ ತೆಗೆಯಬೇಕು. ಯಂತ್ರ ರಾಡಿಗೆ ಮಾತ್ರ.

ಹೊರಹೋಗುವ ಪೈಪ್ ಯಂತ್ರಕ್ಕಿಂತ ಕೆಳಗೆ, ಸುರುಳಿಯಿಲ್ಲದೆ ಇಳಿಜಾರಾಗಿರಲಿ. ಹೆಚ್ಚಿನ ಮಾದರಿಗಳಲ್ಲಿ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ಪೈಪ್ ಏರಿದರೆ ಡಬ್ಬಿ ಖಾಲಿಯಾಗುವುದೇ ಇಲ್ಲ. ಆ ನೀರನ್ನು ಮಾವಿನ ಪಾತಿಗೆ ಬಿಡಿ, ಒಳ್ಳೆಯ ಗೊಬ್ಬರ.

ಮೀನಿದ್ದರೆ ಒಂದೇ ದಿನ ಎಲ್ಲ ಕೆದಕಬೇಡಿ: ರಾಡಿಯ ವಿಷಗಾಳಿ ನೀರಿಗೆ ಬಿಟ್ಟುಕೊಂಡು, ಆಕ್ಸಿಜನ್ ಇಳಿದು ಮೀನು ಸಾಯುತ್ತವೆ. ಏರ್ ಪಂಪ್ ಹಚ್ಚಿಟ್ಟು, ಸಲಕ್ಕೆ ಮೂರನೇ ಒಂದು ಭಾಗ ಸಾಕು. ಕೊಳಕ್ಕೆ ಮತ್ತೆ ನಲ್ಲಿ ನೀರು ತುಂಬಿಸುವಾಗ ಅದರ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಹಾಕಿಯೇ ತುಂಬಿಸಿ. ಯಂತ್ರದ ಪ್ಲಗ್‌ಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಕಡ್ಡಾಯ.