ಕುಡಿತ ಬಿಡಿಸಲು ನೆರವು: ಕರ್ನಾಟಕದಲ್ಲಿ ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು

ದಿನಾ ಕುಡಿಯುವವರು ಒಂದು ಬೆಳಿಗ್ಗೆ ಎದ್ದು "ಇವತ್ತಿನಿಂದ ಬಿಟ್ಟೆ" ಅಂದಾಗ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ದೇವರ ಮುಂದೆ ಆಣೆ ಮಾಡಿಸುತ್ತಾರೆ, ಕೈಗೆ ಕಾಸು ಸಿಗದಂತೆ ಮಾಡುತ್ತಾರೆ, ಹೊರಗೆ ಹೋಗದಂತೆ ಕೋಣೆಯಲ್ಲಿ ಕೂರಿಸುತ್ತಾರೆ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಅತ್ಯಂತ ಅಪಾಯದ ಹೊತ್ತು ಅದೇ. ಹಾಗಾಗಿ ಯಾವ ಕೇಂದ್ರ ಒಳ್ಳೆಯದು, ಎಷ್ಟು ದಿನ ಇಡಬೇಕು ಎಂದು ವಿಚಾರಿಸುವ ಮೊದಲು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಕುಡಿತ ನಿಲ್ಲಿಸಿದ ಮೊದಲ ನಾಲ್ಕೈದು ದಿನ ವೈದ್ಯರ ಕೈಯಲ್ಲಿರಬೇಕು. ಶಿಬಿರ, ಕೌನ್ಸೆಲಿಂಗ್, ಸಭೆ ಎಲ್ಲ ಆಮೇಲೆ.

ಮೊದಲ ಐದು ದಿನ

ಕೊನೆಯ ಸಲ ಕುಡಿದು ಆರೆಂಟು ಗಂಟೆ ಕಳೆಯುತ್ತಲೇ ನಡುಕ ಶುರುವಾಗಬಹುದು. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆ ಇಡಿ. ಕಣ್ಣಿಗೆ ಸರಿಯಾಗಿ ಕಾಣದ ನಡುಕವೂ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಜೊತೆಗೆ ಬೆವರು, ವಾಕರಿಕೆ, ಎದೆ ಡವಡವ, ನಿದ್ದೆಯಿಲ್ಲದ ರಾತ್ರಿ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇನ್ನೊಂದು ಹಂತ ಬರುತ್ತದೆ. ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಹೊದಿಕೆಯ ಮೇಲಿಂದ ಇಲ್ಲದ್ದನ್ನು ಹೆಕ್ಕುತ್ತಾರೆ, ಹಗಲೋ ರಾತ್ರಿಯೋ, ತಾವಿರುವುದು ಮನೆಯೋ ಬೇರೆಲ್ಲೋ ಎಂಬುದೂ ತಿಳಿಯದಾಗುತ್ತದೆ, ಮೈ ಸುಡುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು 'ಡಿಟಿ'. ಇದು ದೆವ್ವ ಹಿಡಿದದ್ದಲ್ಲ, ನಾಟಕವೂ ಅಲ್ಲ. ಅಂತ್ರ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಜೀವ ಹೋಗಬಹುದು. ಫಿಟ್ಸ್ ಬಂದರೆ ಅಥವಾ ಮಾತು ಹೀಗೆ ತಪ್ಪತೊಡಗಿದರೆ 108ಕ್ಕೆ ಕರೆ ಮಾಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಹೀಗಾಗಲು ಕಾರಣವಿದೆ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ದಿನವೂ ಮಂದವಾಗುವ ಮಿದುಳು ಅದಕ್ಕೆ ಎದುರಾಗಿ ಜೋರಾಗಿ ಓಡುವುದನ್ನು ರೂಢಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತಾಗ ಆ ಓಟಕ್ಕೆ ಕಡಿವಾಣ ಇರುವುದಿಲ್ಲ. ಅದಕ್ಕೇ ವೈದ್ಯರು ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಲಿವರ್ ಹಾಳಾಗಿದ್ದರೆ ಸಾಮಾನ್ಯವಾಗಿ ಲೊರಾಜೆಪಾಮ್. ಈ ಮಾತ್ರೆಗಳನ್ನು ಅಂಗಡಿಯಿಂದ ತಂದು ಮನೆಯಲ್ಲೇ ಅಂದಾಜಿನ ಮೇಲೆ ಕೊಡಬೇಡಿ. ಮಾತ್ರೆಯ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ತಪ್ಪು ತುಂಬಾ ಮನೆಗಳಲ್ಲಿ ಆಗುತ್ತದೆ. ಸುಸ್ತಾಗಿದ್ದಾರೆ ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಹಾಕಿಸುತ್ತಾರೆ, ಕುಡಿತದ ವಿಷಯ ನಾಚಿಕೆಯಿಂದ ಹೇಳುವುದಿಲ್ಲ. ಸರಿಯಾಗಿ ಊಟ ಮಾಡದೆ ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬತ್ತಿಹೋಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪು ಶಾಶ್ವತವಾಗಿ ಹೋಗಬಹುದು. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಇದನ್ನು ವೈದ್ಯರು ಬಲ್ಲರು. ಆದರೆ ಕುಡಿತದ ಮಾತನ್ನು ಅವರ ಕಿವಿಗೆ ಹಾಕಬೇಕಾದವರು ನೀವು.

ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಡಿಟಿ ಬಂದಿದ್ದವರು, ಕಾಮಾಲೆ, ಜ್ವರ, ತಲೆಗೆ ಪೆಟ್ಟು ಇರುವವರು, ಗರ್ಭಿಣಿಯರು, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದವರು ದಾಖಲಾಗಿಯೇ ಬಿಡಬೇಕು. ಉಳಿದವರಲ್ಲಿ ಕೆಲವರಿಗೆ ವೈದ್ಯರು ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಆಗ ಆ ಮಾತ್ರೆಗಳು ಕುಡಿತ ಬಿಡುವವರ ಜೇಬಿನಲ್ಲಿರಬಾರದು, ಮನೆಯ ಒಬ್ಬರು ಇಟ್ಟುಕೊಂಡು ಹೊತ್ತುಹೊತ್ತಿಗೆ ಕೊಡಬೇಕು.

ಎಲ್ಲಿಗೆ ಹೋಗುವುದು

ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗದ ಚೀಟಿ ಮಾಡಿಸಿ. ಕುಡಿತಕ್ಕೆ ಬೇರೆ ವಿಭಾಗ ಹುಡುಕಬೇಡಿ, ನೋಡುವವರು ಮನೋವೈದ್ಯರೇ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಹಾಗೆಯೇ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿಟ್ಟುಕೊಳ್ಳಿ. ಕೇಸು ಜಟಿಲವಾಗಿದ್ದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ.

ಫೋನಿನಿಂದಲೇ ಶುರು ಮಾಡಬಹುದು. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 14446 ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ. ಅನುದಾನದಲ್ಲಿ ನಡೆಯುವ ಹತ್ತಿರದ ಕೇಂದ್ರ ಯಾವುದೆಂದು ಅಲ್ಲಿ ಕೇಳಿ. ಎರಡೂ ಕಡೆ ಮನೆಯವರೇ ಕರೆ ಮಾಡಬಹುದು, ಕುಡಿಯುವವರು ಪಕ್ಕದಲ್ಲಿರಬೇಕೆಂದೇನೂ ಇಲ್ಲ.

ವೈದ್ಯರ ಮುಂದೆ ಕೂತಾಗ "ಸ್ವಲ್ಪ ಕುಡೀತಾರೆ" ಅಂದರೆ ಅವರಿಗೆ ಲೆಕ್ಕ ಸಿಗುವುದಿಲ್ಲ. ಕ್ವಾರ್ಟರ್ ಲೆಕ್ಕದಲ್ಲಿ ಹೇಳಿ. ಒಂದು ಕ್ವಾರ್ಟರ್ 180 ಮಿ.ಲೀ., ವೈದ್ಯರ ಅಳತೆಯಲ್ಲಿ ಅದು 30 ಮಿ.ಲೀ.ನ ಆರು ಪೆಗ್. ಹೋಗುವ ಹಿಂದಿನ ದಿನ ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಏನಾಯಿತು, ಸಕ್ಕರೆ ಕಾಯಿಲೆ ಅಥವಾ ಬಿಪಿ ಮಾತ್ರೆ ಏನಿದೆ, ಗಾಂಜಾ, ತಂಬಾಕು, ನಿದ್ದೆ ಮಾತ್ರೆಯ ಅಭ್ಯಾಸ ಇದೆಯೇ. ಇವುಗಳಲ್ಲಿ ಕೊನೆಯ ಸಲ ಕುಡಿದ ಹೊತ್ತೇ ಎಲ್ಲಕ್ಕಿಂತ ಮುಖ್ಯ. ಮುಂದಿನ ಅಪಾಯ ಯಾವಾಗ ಎದುರಾಗಬಹುದೆಂಬ ಅಂದಾಜು ಅದರಿಂದಲೇ ಸಿಗುವುದು. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಜೊತೆಗಿರಲಿ.

ಸೇರಿಸುವ ಮೊದಲು ಕೇಂದ್ರವನ್ನು ನೋಡಿ ಬನ್ನಿ

ದೇಹ ಸ್ಥಿಮಿತಕ್ಕೆ ಬಂದ ಮೇಲೆ ಕೆಲವರಿಗೆ ಮನೆಯ ವಾತಾವರಣದಿಂದ ದೂರ ಒಂದು ತಿಂಗಳು ಇರಬೇಕಾಗುತ್ತದೆ. ಖಾಸಗಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ, ಬಾಗಿಲು ಹಾಕಿ ಹೊಡೆಯುವಂಥವೂ ಇವೆ. ಕುಡಿತದಿಂದ ಬರುವ ಮಾನಸಿಕ ತೊಂದರೆಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತದೆ. ಆದ್ದರಿಂದ ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ಆ ಕಾಯ್ದೆಯಡಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಮನೋವೈದ್ಯರು ವಾರದಲ್ಲಿ ಯಾವ ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಮನೆಯವರು ಯಾವಾಗ ಬಂದು ನೋಡಬಹುದು, ಫೋನ್ ಮಾಡಲು ಬಿಡುತ್ತೀರಾ, ಇವನ್ನು ಕೇಳಿ. ಮಲಗುವ ಕೋಣೆ, ಶೌಚಾಲಯ ತೋರಿಸಲು ಒಪ್ಪದ ಕಡೆ ಸೇರಿಸಬೇಡಿ. "ಮೂರು ತಿಂಗಳು ನೋಡಲು ಬರಲೇಬಾರದು" ಎಂದರೆ, "ನೂರಕ್ಕೆ ನೂರು ಗ್ಯಾರಂಟಿ" ಎಂದರೆ, ಅಲ್ಲಿಂದಲೇ ವಾಪಸ್ಸಾಗಿ.

ವ್ಯಾನ್ ಕಳಿಸಿ ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವುದು ಚಿಕಿತ್ಸೆಯಲ್ಲ. ವ್ಯಕ್ತಿ ತಾನೇ ಒಪ್ಪಿ ಸೇರಿದ್ದರೆ, ಬಿಡಿ ಎಂದು ಕೇಳಿದಾಗ ಬಿಡಬೇಕು. ತನಗೋ ಬೇರೆಯವರಿಗೋ ಹಾನಿ ಮಾಡಿಯಾರೆಂಬ ಗಂಭೀರ ಅನುಮಾನ ವೈದ್ಯರಿಗಿದ್ದರೆ ಪರೀಕ್ಷಿಸಿ ನೋಡಲು 24 ಗಂಟೆ ಮಾತ್ರ ತಡೆಯಬಹುದು. ಒಪ್ಪದವರನ್ನು ಸೇರಿಸಲು ಇದೇ ಕಾಯ್ದೆಯ 89ನೇ ಸೆಕ್ಷನ್ ಇದೆ. ಕಾಯಿಲೆಯ ತೀವ್ರತೆಯಿಂದ ತನಗೆ ಹಾನಿ ಮಾಡಿಕೊಳ್ಳುವ, ಬೇರೆಯವರ ಮೇಲೆ ಕೈ ಮಾಡುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞ ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ರೋಗಿಯ ಪರವಾಗಿ ನಿಲ್ಲುವವರು, ಸಾಮಾನ್ಯವಾಗಿ ಮನೆಯವರೇ, ಅರ್ಜಿ ಕೊಡಬೇಕು. ಮೊದಲ ಅವಧಿ 30 ದಿನ ಮೀರುವಂತಿಲ್ಲ. ಸರಪಳಿ ಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು, ಬಲವಂತದ ದುಡಿಮೆ, ಇವೆಲ್ಲ ಈ ಕಾಯ್ದೆಯಲ್ಲಿ ನಿಷಿದ್ಧ. ಕಂಡರೆ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಗೆ ದೂರು ಕೊಡಬಹುದು. ಅರ್ಜಿ ಬರೆಯಲು ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ ನೆರವಾಗುತ್ತದೆ, ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100.

ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಊರ ಹತ್ತಿರವೇ ನಡೆಯುವುದು, ಒಟ್ಟಿಗೆ ಬಿಡುವವರ ಜೊತೆ ಸಿಗುವುದು, ಮುಗಿದ ಮೇಲೂ ನವಜೀವನ ಸಮಿತಿಯ ಸಭೆಗಳು ಇರುವುದು, ಇವು ಅದರ ಬಲ. ಆದರೆ ಹಿಂದೆ ಫಿಟ್ಸ್ ಬಂದವರು, ಲಿವರ್ ಕೆಟ್ಟವರು ಮೊದಲು ಆಸ್ಪತ್ರೆಗೆ ಹೋಗಿ, ವೈದ್ಯರನ್ನು ಕೇಳಿಯೇ ಶಿಬಿರಕ್ಕೆ ಸೇರಬೇಕು.

ಕುಡಿಯುವವರು ಬರಲು ಒಪ್ಪದಿದ್ದರೆ

ಅವರು ಒಪ್ಪುವವರೆಗೆ ಕಾಯಬೇಕಿಲ್ಲ. ಹೆಂಡತಿ, ತಾಯಿ, ಮಕ್ಕಳು ಮೊದಲು ತಾವೇ ಆಪ್ತಸಮಾಲೋಚಕರನ್ನು ಕಾಣಬಹುದು, ಇದಕ್ಕೆ ಚೀಟಿಯನ್ನು ತಮ್ಮ ಹೆಸರಿನಲ್ಲೇ ಮಾಡಿಸಬಹುದು. ಅಲ್-ಅನಾನ್ ಎಂಬ ಗುಂಪಿನ ಸಭೆಗಳು ಕುಡಿಯುವವರ ಮನೆಯವರಿಗಾಗಿಯೇ ಇವೆ. ಕುಡಿತ ಬಿಡಬೇಕೆನ್ನುವವರಿಗೆ ಆಲ್ಕೋಹಾಲಿಕ್ಸ್ ಅನಾನಿಮಸ್ ಇದೆ. ಎರಡಕ್ಕೂ ಶುಲ್ಕವಿಲ್ಲ, ಅಲ್ಲಿ ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ಮೊದಲ ದಿನ ಏನೂ ಮಾತಾಡದೆ ಹಿಂದಿನ ಸಾಲಿನಲ್ಲಿ ಕೂತು ಬಂದರೂ ಸಾಕು.

ಮನೆಯಲ್ಲಿ ಮಾತಾಡುವುದಕ್ಕೂ ಹೊತ್ತು ಇದೆ. ಕುಡಿದು ಬಂದ ರಾತ್ರಿ ಏನು ಹೇಳಿದರೂ ಜಗಳವೇ. ಬೆಳಿಗ್ಗೆ ಸ್ನಾನ, ತಿಂಡಿ ಆದ ಮೇಲೆ, ಬೇರೆ ಯಾರೂ ಇಲ್ಲದಾಗ, ಒಂದೇ ಒಂದು ವಿಷಯ ಹೇಳಿ: "ನಿನ್ನೆ ರಾತ್ರಿ ನೀವು ಗಾಡಿಯಿಂದ ಬಿದ್ದು ಬಂದ್ರಿ. ನಂಗೆ ಭಯ ಆಯ್ತು. ಮಂಗಳವಾರ ಡಾಕ್ಟ್ರು ಬರ್ತಾರಂತೆ, ನಾನೂ ಬರ್ತೀನಿ, ಹೋಗೋಣ." ಅಷ್ಟೇ. ಹಳೆಯದನ್ನೆಲ್ಲ ಕೆದಕಬೇಡಿ. ಅವರ ಪರವಾಗಿ ಮಾಲೀಕರಿಗೆ "ಜ್ವರ" ಎಂದು ಸುಳ್ಳು ಹೇಳುವುದು, ಅಂಗಡಿಯ ಸಾಲ ತೀರಿಸುವುದು ನಿಲ್ಲಿಸಿ. ಕುಡಿಯದ ದಿನ ಜೊತೆಯಲ್ಲಿ ಕೂತು ಊಟ ಮಾಡಿ, ಮಾತಾಡಿ.

ಹೊಡೆತ ಬಡಿತ ಇದ್ದರೆ ಈ ಯಾವ ಸಲಹೆಗೂ ಮೊದಲು ನಿಮ್ಮ ಸುರಕ್ಷತೆ. 112 ಪೊಲೀಸ್, 181 ಮಹಿಳಾ ಸಹಾಯವಾಣಿ, 1098 ಮಕ್ಕಳಿಗೆ. ಸಾಂತ್ವನ ಕೇಂದ್ರ, ಸಖಿ ಒನ್ ಸ್ಟಾಪ್ ಸೆಂಟರ್‌ಗಳಲ್ಲಿ ನೆರವು ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು ಕೊಡಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುವುದರಿಂದ, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಕುಡಿತ ಕಾಯಿಲೆ ನಿಜ. ಆದರೆ ಅದರ ಹೆಸರಿನಲ್ಲಿ ಪೆಟ್ಟು ತಿನ್ನಬೇಕಾಗಿಲ್ಲ.

ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಔಷಧಿ

ಇದನ್ನು ಮಾತ್ರ ಮಾಡಲೇಬೇಡಿ. ಹೀಗೆ ಗುಟ್ಟಾಗಿ ಕೊಡುವ ಪುಡಿಗಳಲ್ಲಿ ಡೈಸಲ್ಫಿರಾಮ್ ಎಂಬ ಮಾತ್ರೆ ಇರಬಹುದು. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯ ದುರ್ಬಲವಾಗಿದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಪ್ರತಿಕ್ರಿಯೆ ಬರುವ ಸಾಧ್ಯತೆ ಇರುತ್ತದೆ. ಅದೇ ಮಾತ್ರೆ ತಿಳಿದು, ಒಪ್ಪಿ, ಮನೆಯವರ ಕೈಯಿಂದ ದಿನವೂ ತೆಗೆದುಕೊಂಡರೆ ಕೆಲವರಿಗೆ ಒಳ್ಳೆಯ ಆಸರೆ. ಮದ್ಯ ಬೆರೆತ ಕೆಮ್ಮಿನ ಸಿರಪ್‌ನಿಂದಲೂ ಅವರು ದೂರವಿರಬೇಕು. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ವೈದ್ಯರು ಆರಿಸುತ್ತಾರೆ.

ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ಚಟವಿದ್ದರೆ ದಾರಿ ಸ್ವಲ್ಪ ಬೇರೆ. ಅಲ್ಲಿ ಬ್ಯುಪ್ರೆನಾರ್ಫಿನ್‌ನಂಥ ಔಷಧಿಯನ್ನು ದೀರ್ಘಕಾಲ ಕೊಡುತ್ತಾರೆ, ಅದನ್ನು ಇನ್ನೊಂದು ಚಟವೆಂದು ತಿಳಿದು ಮನೆಯವರೇ ನಿಲ್ಲಿಸಬಾರದು. ಕೆಲ ವಾರ ಬಿಟ್ಟವರ ದೇಹ ಹಳೆಯ ಪ್ರಮಾಣ ತಾಳುವುದಿಲ್ಲ. ಕೇಂದ್ರದಿಂದ ಬಂದ ಮೊದಲ ವಾರಗಳಲ್ಲಿ ಹಿಂದಿನಷ್ಟೇ ತೆಗೆದುಕೊಂಡು ಸಾಯುವುದು ಇದೇ ಕಾರಣಕ್ಕೆ. ಪೊಲೀಸರ ಭಯದಿಂದ ಆಸ್ಪತ್ರೆ ತಪ್ಪಿಸುವವರಿಗೆ ಹೇಳಬೇಕಾದ್ದು: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ, ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಶಿಕ್ಷಾ ಕ್ರಮದಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ರಕ್ಷಣೆ ಹೋಗಬಹುದು.

ಮನೆಗೆ ಬಂದ ಮೇಲೆ

ಬಿಡುಗಡೆಯ ದಿನವೇ ಮುಂದಿನ ಭೇಟಿಯ ತಾರೀಖು ಬರೆಸಿಕೊಳ್ಳಿ, ಅದು ಒಂದು ವಾರದೊಳಗೆ ಇದ್ದರೆ ಒಳ್ಳೆಯದು. ಸಂಬಳದ ದಿನ, ಮದುವೆ, ಜಾತ್ರೆ, ಸಾವಿನ ಮನೆ, ಹಳೆಯ ಗೆಳೆಯನ ಫೋನ್, ಇಂಥ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ಸಂಜೆ ಯಾರ ಜೊತೆ ಇರುವುದು, ಎಷ್ಟು ಹೊತ್ತಿಗೆ ಹೊರಟು ಬರುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಸಂಬಳ ಹೆಂಡತಿಯ ಖಾತೆಗೆ ಬರಲಿ ಎಂದು ತಾವೇ ಕೇಳಿಕೊಳ್ಳುವವರೂ ಇದ್ದಾರೆ, ಒಪ್ಪಿಗೆಯಿಂದ ಮಾಡಿದರೆ ಅದು ಕೆಲಸ ಮಾಡುತ್ತದೆ.

ಮತ್ತೆ ಕುಡಿದರೆ ಚಿಕಿತ್ಸೆ ದಂಡವಾಯಿತೆಂದು ಕೈಬಿಡಬೇಡಿ, ಬೈಯಬೇಡಿ. ಎಷ್ಟು, ಎಷ್ಟು ದಿನದಿಂದ ಎಂದು ಕೇಳಿ ಬರೆದುಕೊಳ್ಳಿ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದವರು ಒಂದೇ ಗುಟುಕು ಕುಡಿದಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬೇರೆಯವರು ಒಂದೆರಡು ದಿನ ಮಾತ್ರ ಕುಡಿದಿದ್ದರೆ ಮುಂದಿನ ಭೇಟಿಗೆ ಕಾಯದೆ ಮರುದಿನವೇ ಅದೇ ವೈದ್ಯರ ಬಳಿ ಹೋಗಿ. ವಾರಗಟ್ಟಲೆ ಕುಡಿದಿದ್ದರೆ ನಡುಕ ಮತ್ತೆ ಬರುತ್ತದೆ. ಆಗ ಮನೆಯಲ್ಲೇ ತಟ್ಟನೆ ನಿಲ್ಲಿಸಬೇಡಿ, ಹಳೆಯ ಚೀಟಿ, ಕೊನೆಯ ಸಲ ಕುಡಿದ ಹೊತ್ತು ಬರೆದ ಹಾಳೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ.